ಸೋತ ಅಭಿಪ್ರಾಯವನ್ನೂ ಬರೆದಿಟ್ಟವರು

ಕುರ್‌ಆನಿನ ಒಂಬತ್ತನೇ ಅಧ್ಯಾಯದ ಐದನೇ ಸೂಕ್ತ ನನ್ನ ಫೋನಿಗೆ ಎರಡು ಕಡೆಯಿಂದ ಬರುತ್ತಿರುತ್ತದೆ. ಒಂದು, ಕಾಲೇಜು ಗೆಳೆಯರ ವಾಟ್ಸಾಪ್ ಗುಂಪು. ಅಲ್ಲಿ ಅದನ್ನು ಹಾಕುವವರು 'ನೋಡಿ, ಇವರ ಗ್ರಂಥದಲ್ಲಿ ಏನಿದೆ ಅಂತ' ಎನ್ನುತ್ತಾರೆ. ಇನ್ನೊಂದು, ನಮ್ಮವರೇ ಆದ ಹುಡುಗರು ಹಂಚುವ ವಿಡಿಯೋ. ಅದರಲ್ಲಿ ಯಾರೋ ಒಬ್ಬರು ಏರಿದ ದನಿಯಲ್ಲಿ ಅದೇ ಸೂಕ್ತ ಓದುತ್ತಾರೆ. ಇಬ್ಬರೂ ಓದುವುದು ಅರ್ಧ ಮಾತ್ರ: ಪವಿತ್ರ ತಿಂಗಳುಗಳು ಕಳೆದ ಮೇಲೆ ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿರಿ ಎನ್ನುವಷ್ಟು. ಅದರ ಹಿಂದಿನ ಸೂಕ್ತ, ಒಪ್ಪಂದವನ್ನು ಮುರಿಯದವರ ಜೊತೆ ನೀವೂ ಒಪ್ಪಂದ ಪಾಲಿಸಿ ಎನ್ನುತ್ತದೆ. ಮುಂದಿನ ಸೂಕ್ತ, ಅವರಲ್ಲಿ ಯಾರಾದರೂ ಆಶ್ರಯ ಕೇಳಿ ಬಂದರೆ ಆಶ್ರಯ ಕೊಡಿ, ಆಮೇಲೆ ಸುರಕ್ಷಿತ ಜಾಗಕ್ಕೆ ತಲುಪಿಸಿ ಎನ್ನುತ್ತದೆ. ಎರಡೂ ಕಡೆಯವರಿಗೆ ಅದು ಬೇಡ. ಒಬ್ಬರನ್ನೊಬ್ಬರು ಇಷ್ಟು ದ್ವೇಷಿಸುವವರು ಓದುವ ರೀತಿ ಮಾತ್ರ ಒಂದೇ. ಸೂಕ್ತಕ್ಕೆ ಒಂದೇ ಅರ್ಥ, ಅದು ಈಗಲೇ ಗೊತ್ತಾಗಬೇಕು, ಯಾರನ್ನೂ ಕೇಳಬೇಕಿಲ್ಲ.

ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಸಮಜಾಯಿಷಿ ಕೊಡುವುದಕ್ಕೆ ಈ ಬರಹ ಬರೆಯುತ್ತಿಲ್ಲ. ಹಳೆಯ ತಫ್ಸೀರ್‌ಗಳನ್ನು, ಅಂದರೆ ಕುರ್‌ಆನಿನ ವ್ಯಾಖ್ಯಾನಗಳನ್ನು ತೆರೆದಾಗೆಲ್ಲ ಬೇರೆಯೇ ಒಂದು ಲೋಕ ಕಾಣುತ್ತದೆ. ಅದರ ಬಗ್ಗೆ ಬರೆಯಬೇಕು ಅನ್ನಿಸಿತು.

ಕುರ್ತುಬಿಯ ಅಪ್ಪ

ಇಮಾಮ್ ಕುರ್ತುಬಿ ಸ್ಪೇನಿನ ಕೊರ್ಡೊಬಾದವರು. ಕಾನೂನಿನ ಕಣ್ಣಿಂದ ಕುರ್‌ಆನನ್ನು ಓದಿದ ಅವರ ತಫ್ಸೀರ್ ಇವತ್ತಿಗೂ ಎಲ್ಲ ಕಡೆ ಬಳಕೆಯಲ್ಲಿದೆ. ಆ ಐದನೇ ಸೂಕ್ತದ ಬಳಿ ಅವರು ಏನು ಬರೆದಿದ್ದಾರೆ ಎಂದು ನೋಡಿದರೆ ಮೊದಲು ಸಿಗುವುದು ಒಂದು ಜಗಳ. ಸಹನೆ, ಕ್ಷಮೆ ಹೇಳುವ ಎಲ್ಲ ಸೂಕ್ತಗಳನ್ನೂ ಇದು ರದ್ದು ಮಾಡಿತು, ಅಂದರೆ ಅವುಗಳ ಆದೇಶ ಇನ್ನು ಅನ್ವಯಿಸುವುದಿಲ್ಲ, ಎಂದವರಿದ್ದಾರೆ. ಆ ಮಾತನ್ನು ಅವರು ಮುಚ್ಚಿಡುವುದಿಲ್ಲ. ದಹ್ಹಾಕ್, ಸುದ್ದಿ, ಅತಾ ಎಂಬ ಹಳೆಯ ವಿದ್ವಾಂಸರ ಪ್ರಕಾರ ಈ ಸೂಕ್ತವೇ ರದ್ದಾಗಿದೆ. ಸೆರೆಯಾದವರನ್ನು ದಯೆಯಿಂದಲೋ ಪರಿಹಾರ ಪಡೆದೋ ಬಿಟ್ಟುಬಿಡಿ ಎನ್ನುವ 47ನೇ ಅಧ್ಯಾಯದ ಸೂಕ್ತ ಇದನ್ನು ರದ್ದು ಮಾಡಿತು. ಮುಜಾಹಿದ್ ಮತ್ತು ಕತಾದ ಹೇಳುವುದು ಅದರ ಉಲ್ಟಾ. ಇಬ್ನು ಝೈದ್ ಪ್ರಕಾರ ಎರಡೂ ಸೂಕ್ತಗಳು ಊರ್ಜಿತವಾಗಿಯೇ ಇವೆ. ಎಲ್ಲವನ್ನೂ ಹೆಸರು ಸಮೇತ ಬರೆದ ಮೇಲೆ ಕುರ್ತುಬಿ ತಮ್ಮ ತೀರ್ಪು ಕೊಡುತ್ತಾರೆ: ಇಬ್ನು ಝೈದ್ ಹೇಳಿದ್ದೇ ಸರಿ.

ಇದನ್ನು ಬರೆದ ಮನುಷ್ಯ ಯಾರು ಅಂತ ಗೊತ್ತಾದ ಮೇಲೆ ಆ ಪುಟ ನನಗೆ ಇನ್ನೂ ಭಾರವಾಯಿತು. ಮೂರನೇ ಅಧ್ಯಾಯದಲ್ಲಿ ಹುತಾತ್ಮರ ಬಗೆಗಿನ ಸೂಕ್ತವೊಂದಕ್ಕೆ ವ್ಯಾಖ್ಯಾನ ಬರೆಯುವಾಗ ಕುರ್ತುಬಿ ಇದ್ದಕ್ಕಿದ್ದಂತೆ ತಮ್ಮ ಅಪ್ಪನ ಸಾವಿನ ಬಗ್ಗೆ ಹೇಳುತ್ತಾರೆ. ಹಿಜರಿ 627ರ ರಮಝಾನ್, ನಮ್ಮ ಲೆಕ್ಕದಲ್ಲಿ 1230. ಬೆಳಗಿನ ಹೊತ್ತು ಶತ್ರುಗಳು ಊರಿನ ಮೇಲೆ ದಾಳಿ ಮಾಡಿದರು. ಸತ್ತವರಲ್ಲಿ ಅವರ ಅಪ್ಪನೂ ಒಬ್ಬರು. ಯುದ್ಧದಲ್ಲಿ ಮಡಿದ ಹುತಾತ್ಮನ ಮಯ್ಯತ್ತನ್ನು ಸ್ನಾನ ಮಾಡಿಸುವುದಿಲ್ಲ, ರಕ್ತ ಮೆತ್ತಿದ ಬಟ್ಟೆಯಲ್ಲೇ ದಫನ ಮಾಡುತ್ತಾರೆ. ಆದರೆ ಅಪ್ಪ ರಣರಂಗದಲ್ಲಿ ನಿಂತು ಹೋರಾಡಿದವರಲ್ಲ. ಮಗ ಒಬ್ಬ ಗುರುವನ್ನು ಕೇಳಿದರು. ಸ್ನಾನ ಮಾಡಿಸು, ನಮಾಜು ಮಾಡು ಎಂದರು ಅವರು. ಇನ್ನೊಬ್ಬರನ್ನು ಕೇಳಿದರು. ರಣರಂಗದಲ್ಲಿ ಮಡಿದವರಿಗೆ ಇರುವ ನಿಯಮವೇ ಇವರಿಗೂ ಎಂದರು. ಕೊನೆಗೆ ನ್ಯಾಯಾಧೀಶರ ಬಳಿ ಹೋದರು. ಸ್ನಾನ ಮಾಡಿಸಿ ಎಂದರು. ಮಗ ಹಾಗೇ ಮಾಡಿದರು. ವರ್ಷಗಳ ನಂತರ ಪುಸ್ತಕವೊಂದರಲ್ಲಿ ಎರಡನೆಯವರು ಹೇಳಿದ್ದಕ್ಕೆ ಆಧಾರ ಸಿಕ್ಕಿತು. ಇದು ಮೊದಲೇ ಗೊತ್ತಿದ್ದರೆ ಅಪ್ಪನನ್ನು ತೊಳೆಯುತ್ತಿರಲಿಲ್ಲ, ಅವರ ರಕ್ತದ ಜೊತೆ ಅವರದೇ ಬಟ್ಟೆಯಲ್ಲಿ ದಫನ ಮಾಡುತ್ತಿದ್ದೆ ಎಂದು ಬರೆದು ಅವರು ಮುಂದಕ್ಕೆ ಹೋಗುತ್ತಾರೆ.

ಆರೇ ವರ್ಷದಲ್ಲಿ, 1236ರಲ್ಲಿ, ಕೊರ್ಡೊಬಾ ಕೈತಪ್ಪಿತು. ಊರು ಬಿಟ್ಟ ಕುರ್ತುಬಿ ಈಜಿಪ್ಟ್ ಸೇರಿ 1273ರಲ್ಲಿ ಅಲ್ಲೇ ತೀರಿಕೊಂಡರು. ಅಪ್ಪನನ್ನು ದಾಳಿಯಲ್ಲಿ ಕಳೆದುಕೊಂಡವರು, ಊರನ್ನೇ ಕಳೆದುಕೊಂಡವರು, ಯುದ್ಧದ ಸೂಕ್ತದ ಮುಂದೆ ಕೂತಿದ್ದಾರೆ. ಸಿಟ್ಟಿಗೆ ಅವರಿಗಿಂತ ಜಾಸ್ತಿ ಕಾರಣ ಯಾರಿಗಿರುತ್ತದೆ ಹೇಳಿ? ಆದರೂ ಅವರು ನಾಲ್ಕು ಅಭಿಪ್ರಾಯ ಬರೆದರು, ಸೆರೆಯಾದವರನ್ನು ಬಿಟ್ಟುಬಿಡುವ ದಾರಿಯೂ ತೆರೆದೇ ಇರಲಿ ಎಂಬುದನ್ನು ಒಪ್ಪಿದರು. ಫೋನಿಗೆ ಬರುವ ಮೂವತ್ತು ಸೆಕೆಂಡಿನ ವಿಡಿಯೋ ನೋಡುವಾಗ ನನಗೆ ನೆನಪಾಗುವುದು ಈ ಮನುಷ್ಯ.

'ಎರಡನ್ನೂ ಬರೆದುಕೋ'

ನಾನು ತಫ್ಸೀರನ್ನು ಮೊದಲು ಕೇಳಿದ್ದು ಊರಿನ ಮಸೀದಿಯ ಧಾರ್ಮಿಕ ಪಾಠದಲ್ಲಿ, ಅಂದರೆ ದರ್ಸ್‌ನಲ್ಲಿ. ನಾನು ಮುತಅಲ್ಲಿಮ್, ಅಂದರೆ ಅಲ್ಲಿ ಓದುವ ವಿದ್ಯಾರ್ಥಿ, ಆಗಿರಲಿಲ್ಲ. ಶಾಲೆಗೆ ಹೋಗುವ ಹುಡುಗ. ಮಗ್ರಿಬ್ ನಮಾಜು ಮುಗಿಸಿ ಮನೆಗೆ ಹೋಗುವ ಬದಲು ಆ ವಿದ್ಯಾರ್ಥಿಗಳ ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದೆ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಉಸ್ತಾದರು ದನಿ ಏರಿಸಬೇಕಾಗುತ್ತಿತ್ತು. ಅವರ ಮುಂದೆ ಇರುತ್ತಿದ್ದದ್ದು ಜಲಾಲೈನಿ. ಕರಾವಳಿಯಲ್ಲಿ, ಕೇರಳದಲ್ಲಿ ಕಿತಾಬು ಓದಿದ ಯಾರಿಗೂ ಈ ಹೆಸರು ಹೊಸದಲ್ಲ. ಇಬ್ಬರು ಜಲಾಲುದ್ದೀನರು ಸೇರಿ ಬರೆದ ಪುಸ್ತಕ. ಗುರು ಮಹಲ್ಲಿ ಹದಿನೆಂಟನೇ ಅಧ್ಯಾಯ ಕಹ್ಫ್‌ನಿಂದ ಹಿಡಿದು ಕೊನೆಯವರೆಗೆ ಬರೆದು, ಮೊದಲ ಭಾಗ ಮುಗಿಸುವ ಮುಂಚೆ 1459ರಲ್ಲಿ ತೀರಿಕೊಂಡರು. ಶಿಷ್ಯ ಸುಯೂತಿ ಉಳಿದದ್ದನ್ನು ಪೂರ್ತಿ ಮಾಡಿದರು, ಅದೂ ಸುಮಾರು ನಲವತ್ತು ದಿನದಲ್ಲಿ. ಕುರ್‌ಆನಿನ ಒಂದೆರಡು ಪದ, ಪಕ್ಕದಲ್ಲೇ ಅದರ ವಿವರಣೆ, ಮತ್ತೆ ಪದ, ಮತ್ತೆ ವಿವರಣೆ. ಪುಟದ ಅಂಚಿನ ತುಂಬ ಇನ್ನೊಬ್ಬರ ಟಿಪ್ಪಣಿ. ಯಮನಿನ ಒಬ್ಬ ವಿದ್ವಾಂಸರು ಇದರ ಅಕ್ಷರಗಳನ್ನು ಎಣಿಸಿದ್ದರಂತೆ. ಮುಝ್ಝಮ್ಮಿಲ್ ಅಧ್ಯಾಯದವರೆಗೆ ಕುರ್‌ಆನಿನ ಅಕ್ಷರವೂ ವ್ಯಾಖ್ಯಾನದ ಅಕ್ಷರವೂ ಸಮ, ಅಲ್ಲಿಂದ ಮುಂದೆ ವ್ಯಾಖ್ಯಾನದ್ದೇ ಜಾಸ್ತಿ. ಹಾಗಾಗಿ ಕುರ್‌ಆನನ್ನು ಮುಟ್ಟಲು ಬೇಕಾದ ವುಝೂ, ಅಂದರೆ ಕೈಕಾಲು ಮುಖ ತೊಳೆದು ಶುದ್ಧಿಯಾಗುವುದು, ಇಲ್ಲದೆಯೂ ಇದನ್ನು ಮುಟ್ಟಬಹುದು ಎಂದು ಅವರು ತೀರ್ಮಾನಕ್ಕೆ ಬಂದರಂತೆ. ಈ ಕಥೆ ಹೇಳುವಾಗ ಉಸ್ತಾದರ ಮುಖ ಅರಳುತ್ತಿತ್ತು.

ಒಂದು ಸಂಜೆ ಕಹ್ಫ್ ಅಧ್ಯಾಯದಲ್ಲಿ ಗುಹೆಯ ಯುವಕರ ಭಾಗ ಬಂತು. ನಾವೆಲ್ಲ ಶುಕ್ರವಾರ ಓದುವ ಸೂರಾ. ಅವರು ಎಷ್ಟು ಜನ? ಮೂವರು, ನಾಲ್ಕನೆಯದು ನಾಯಿ ಎನ್ನುತ್ತಾರೆ ಕೆಲವರು. ಐವರು, ಆರನೆಯದು ನಾಯಿ ಎನ್ನುತ್ತಾರೆ ಇನ್ನು ಕೆಲವರು. ಏಳು ಮಂದಿ, ಎಂಟನೆಯದು ನಾಯಿ ಎನ್ನುವವರೂ ಇದ್ದಾರೆ. ಅವರ ಸಂಖ್ಯೆ ನನ್ನ ಒಡೆಯನಿಗೆ ಚೆನ್ನಾಗಿ ಗೊತ್ತು, ಕೆಲವರ ಹೊರತು ಬೇರೆ ಯಾರಿಗೂ ಗೊತ್ತಿಲ್ಲ ಎಂದು ಹೇಳು, ಎನ್ನುತ್ತದೆ ಕುರ್‌ಆನ್. ಉಸ್ತಾದರು ಬ್ಯಾರಿ ಭಾಷೆಯಲ್ಲಿ ವಿವರಿಸಿದರು. ಪ್ರವಾದಿಯವರ ಚಿಕ್ಕಪ್ಪನ ಮಗ ಇಬ್ನು ಅಬ್ಬಾಸ್ 'ಆ ಕೆಲವರಲ್ಲಿ ನಾನೂ ಒಬ್ಬ, ಅವರು ಏಳು ಮಂದಿ' ಎಂದಿದ್ದಾರೆ. ಅದಕ್ಕೆ ಕಾರಣವನ್ನೂ ಹೇಳುತ್ತಾರೆ. ಮೊದಲ ಎರಡು ಸಂಖ್ಯೆಗಳ ನಂತರ ಕುರ್‌ಆನ್ 'ಇದು ಕಾಣದ್ದರ ಬಗ್ಗೆ ಊಹೆ' ಎನ್ನುತ್ತದೆ. ಮೂರನೆಯದರ ನಂತರ ಆ ಮಾತಿಲ್ಲ.

"ಹಾಗಾದ್ರೆ ಏಳೇ ಅಲ್ವಾ ಉಸ್ತಾದ್?" ಎಂದು ಮುಂದೆ ಕೂತಿದ್ದ ಮುತಅಲ್ಲಿಮ್ ಕೇಳಿದ.

"ಇಬ್ನು ಅಬ್ಬಾಸ್ ಏಳು ಅಂದ್ರು. ಅಲ್ಲಾಹು ನನಗೆ ಚೆನ್ನಾಗಿ ಗೊತ್ತು ಅಂದ. ಎರಡನ್ನೂ ಬರೆದುಕೋ."

ಅವನು ಪೆನ್ಸಿಲಿನಲ್ಲಿ ಅಂಚಿನಲ್ಲಿ ಬರೆದುಕೊಂಡ. ಆಗ ನನಗದು ಉತ್ತರ ತಪ್ಪಿಸಿಕೊಳ್ಳುವ ದಾರಿಯ ಥರ ಕಂಡಿತ್ತು. ಈಗ ಯೋಚಿಸಿದರೆ ಉಸ್ತಾದರು ಸಾವಿರ ವರ್ಷದ ಒಂದು ಶಿಸ್ತನ್ನೇ ಆ ಹುಡುಗನಿಗೆ ಕಲಿಸುತ್ತಿದ್ದರು. ಒಂದು ಅಭಿಪ್ರಾಯವನ್ನು ಆರಿಸು, ಕಾರಣ ಕೊಡು, ಆದರೆ ಇನ್ನೊಂದನ್ನು ಅಳಿಸಬೇಡ.

ಆದಮರು ತಿಂದ ಮರ

ಈ ಶಿಸ್ತಿನ ದೊಡ್ಡ ಹೆಸರು ತಬರಿ. ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ತಬರಿಸ್ತಾನದಲ್ಲಿ 839ರಲ್ಲಿ ಹುಟ್ಟಿ 923ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡವರು. ಒಂದೊಂದು ಸೂಕ್ತಕ್ಕೂ ಯಾರು ಏನು ಹೇಳಿದರು, ಅವರಿಂದ ಯಾರು ಕೇಳಿದರು ಎಂದು ಸರಪಳಿಯಂತೆ ಹೆಸರು ಕೊಡುತ್ತಾ ಹೋಗುತ್ತಾರೆ. ಕೊನೆಗೆ 'ನಮ್ಮ ಪ್ರಕಾರ ಸರಿಗೆ ಹತ್ತಿರವಾದದ್ದು ಇದು' ಎನ್ನುತ್ತಾರೆ. ಸ್ವರ್ಗದಲ್ಲಿ ಆದಮರಿಗೆ ನಿಷೇಧಿಸಿದ ಮರ ಯಾವುದು ಎಂಬ ಪ್ರಶ್ನೆಗೂ ಹೀಗೇ. ಗೋಧಿ ಎಂದವರು, ದ್ರಾಕ್ಷಿ ಎಂದವರು, ಅಂಜೂರ ಎಂದವರು, ಎಲ್ಲರ ಮಾತೂ ಇದೆ. ಆಮೇಲೆ ತಬರಿ ಹೇಳುತ್ತಾರೆ: ಕುರ್‌ಆನಿನಲ್ಲಾಗಲಿ ನಂಬಬಹುದಾದ ಹದೀಸಿನಲ್ಲಾಗಲಿ (ಪ್ರವಾದಿಯವರ ನಡೆನುಡಿಯ ವರದಿ) ಇದಕ್ಕೆ ಪುರಾವೆ ಇಲ್ಲ. ಗೊತ್ತಾದರೆ ಗೊತ್ತಾದವನಿಗೆ ಲಾಭವಿಲ್ಲ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲದವನಿಗೆ ನಷ್ಟವಿಲ್ಲ. ನನಗೆ ತುಂಬ ಇಷ್ಟದ ಪುಟ ಇದು. ಎಲ್ಲವನ್ನೂ ಸಂಗ್ರಹಿಸಿದವರಿಗೆ ಮಾತ್ರ ಹೀಗೆ ಹೇಳುವ ಧೈರ್ಯ ಬರುತ್ತದೆ.

ಅವರ ಕಾಲ ಸೌಮ್ಯವಾಗಿತ್ತು ಎಂದು ಯಾರೂ ತಿಳಿಯಬಾರದು. ಒಂದು ಸೂಕ್ತದ ಅರ್ಥದ ವಿಚಾರದಲ್ಲಿ ಬಗ್ದಾದಿನ ಜನ ತಬರಿಯ ಮನೆಗೆ ಕಲ್ಲೆಸೆದರು ಎಂದು ಹಳೆಯ ಬರಹಗಳು ಹೇಳುತ್ತವೆ. ಜಗಳ ಬೀದಿಯಲ್ಲಿತ್ತು. ಆದರೂ ಪುಟದ ಮೇಲೆ ಎದುರಾಳಿಗೆ ಜಾಗ ಸಿಕ್ಕಿತು.

ಕುರ್‌ಆನನ್ನು ಎಷ್ಟು ಅರಿಯಬಹುದು ಎಂಬುದರಲ್ಲೇ ಭಿನ್ನಾಭಿಪ್ರಾಯ ಇದೆ. ಮೂರನೇ ಅಧ್ಯಾಯದ ಏಳನೇ ಸೂಕ್ತವು, ಕುರ್‌ಆನಿನಲ್ಲಿ ಸ್ಪಷ್ಟವಾದ ಸೂಕ್ತಗಳೂ ಇವೆ, ಬೇರೆ ಬೇರೆ ಅರ್ಥಕ್ಕೆ ಎಡೆಯಿರುವವೂ ಇವೆ ಎನ್ನುತ್ತದೆ. ಆ ಎರಡನೆಯದರ ಒಳ ಅರ್ಥ ಅಲ್ಲಾಹನಿಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲ. ಇಲ್ಲಿ ಓದು ನಿಲ್ಲಿಸಿದರೆ ಅರ್ಥ ಹಾಗೆ. ನಿಲ್ಲಿಸದೆ ಮುಂದಿನ ಪದಗಳನ್ನೂ ಸೇರಿಸಿ ಓದಿದರೆ, ಅಲ್ಲಾಹನಿಗೂ ಜ್ಞಾನದಲ್ಲಿ ಆಳವಾಗಿ ಬೇರೂರಿದವರಿಗೂ ಗೊತ್ತು ಎಂದಾಗುತ್ತದೆ. ತಬರಿ ನಿಲ್ಲಿಸುವವರ ಪರ. ಅವರಿಗಿಂತ ಹಿಂದಿನ ಮುಜಾಹಿದ್ ಸೇರಿಸಿ ಓದಿದವರು. ನಮ್ಮ ಕಡೆ ಮನೆಗಳಲ್ಲಿರುವ ಅರಬಿ ಕುರ್‌ಆನ್ ಪ್ರತಿಗಳಲ್ಲಿ, ಅಂದರೆ ಮುಸ್‌ಹಫ್‌ಗಳಲ್ಲಿ ಆ ಜಾಗದಲ್ಲಿ ಒಂದು ಸಣ್ಣ 'ಮೀಮ್' ಅಕ್ಷರ ಇರುತ್ತದೆ. ಇಲ್ಲಿ ನಿಲ್ಲಲೇಬೇಕು ಎಂಬ ಗುರುತು. ನನ್ನ ಉಮ್ಮ (ಅಮ್ಮ) ದಿನಾ ಅಲ್ಲಿ ಉಸಿರು ತೆಗೆದುಕೊಂಡು ಮುಂದೆ ಓದುತ್ತಾರೆ. ಒಂದು ದೊಡ್ಡ ಚರ್ಚೆಯಲ್ಲಿ ಒಂದು ಪಕ್ಷ ವಹಿಸುತ್ತಿದ್ದೇನೆ ಎಂದು ಅವರಿಗೆ ಗೊತ್ತಿಲ್ಲ.

ಪುಸ್ತಕ ಕಳೆದುಹೋದ ಮನುಷ್ಯ

ತಬರಿಯ ಕಾಲದಲ್ಲೇ ಇದ್ದ ಅಬೂ ಮುಸ್ಲಿಂ ಅಲ್ ಇಸ್ಫಹಾನಿ ಒಂದು ತಫ್ಸೀರ್ ಬರೆದಿದ್ದರು. ಮುಅ್‌ತಝಿಲಿ ಪಂಥದವರು, ಅಂದರೆ ಬುದ್ಧಿಗೆ ಹೆಚ್ಚು ಒತ್ತು ಕೊಟ್ಟವರು. ಅವರ ಪುಸ್ತಕ ಈಗ ಇಲ್ಲ. ಅವರು ಏನು ಹೇಳಿದರು ಎಂದು ನಮಗೆ ಗೊತ್ತಿರುವುದು ಬಹುಪಾಲು ಫಖ್ರುದ್ದೀನ್ ರಾಝಿಯವರಿಂದ. ರಾಝಿ 1210ರಲ್ಲಿ ಹೆರಾತ್‌ನಲ್ಲಿ ತೀರಿಕೊಂಡವರು, ಮುಅ್‌ತಝಿಲಿಗಳ ಕಡು ವಿರೋಧಿ. ಆದರೂ ತಮ್ಮ ದೊಡ್ಡ ತಫ್ಸೀರಿನ ಉದ್ದಕ್ಕೂ ಅಬೂ ಮುಸ್ಲಿಂ ಹೀಗೆ ಹೇಳಿದ್ದಾರೆ, ಅವರ ವಾದ ಇದು ಎಂದು ಬರೆಯುತ್ತಾ ಹೋದರು. ಎದುರಾಳಿಯ ಮಾತು ಉಳಿದದ್ದು ಎದುರಾಳಿಯ ಪುಸ್ತಕದಲ್ಲಿ.

ಅಬೂ ಮುಸ್ಲಿಂರ ಒಂದು ಮಾತು ಆ ಕಾಲಕ್ಕೆ ತೀರಾ ಒಂಟಿ ದನಿ. ಕುರ್‌ಆನಿನ ಒಂದು ಸೂಕ್ತ ಇನ್ನೊಂದನ್ನು ರದ್ದು ಮಾಡಿದೆ ಎಂಬುದನ್ನೇ ಅವರು ಒಪ್ಪಲಿಲ್ಲ. ಆಗ ಕೆಲವರ ಪಟ್ಟಿಯಲ್ಲಿ ರದ್ದಾದ ಸೂಕ್ತಗಳು 200ಕ್ಕೂ ಹೆಚ್ಚು. ಶಾಂತಿ, ಸಹನೆ ಹೇಳುವ ನೂರಕ್ಕೂ ಹೆಚ್ಚು ಸೂಕ್ತಗಳನ್ನು ಆ ಒಂಬತ್ತನೇ ಅಧ್ಯಾಯದ ಸೂಕ್ತವೊಂದೇ ರದ್ದು ಮಾಡಿತು ಎಂದವರಿದ್ದರು. ಆದರೆ ಚರ್ಚೆ ನಿಲ್ಲಲಿಲ್ಲ. ಸುಯೂತಿ ಒಂದೊಂದನ್ನೇ ಪರೀಕ್ಷಿಸಿ ಸುಮಾರು 20ಕ್ಕೆ ಇಳಿಸಿದರು. ದೆಹಲಿಯ ಶಾ ವಲಿಯುಲ್ಲಾ 18ನೇ ಶತಮಾನದಲ್ಲಿ ಅದನ್ನು ಐದಕ್ಕೆ ತಂದರು. 19ನೇ ಶತಮಾನದಲ್ಲಿ ಸರ್ ಸೈಯದ್ ಅಹ್ಮದ್ ಖಾನ್ ಒಂದೂ ಇಲ್ಲ ಎಂದರು. ಸೋತಂತೆ ಕಂಡ ವಾದವೊಂದು ಇಷ್ಟು ಶತಮಾನ ದಾಟಿ ಮತ್ತೆ ಎದ್ದು ನಿಂತಿತು. ಯಾರೂ ಅಳಿಸದೆ ಇದ್ದದ್ದರಿಂದ.

ಝಮಖ್ಶರಿಯವರದ್ದೂ ಇಂಥದ್ದೇ ವಿಷಯ. 12ನೇ ಶತಮಾನದ ಈ ಮುಅ್‌ತಝಿಲಿಯ 'ಕಶ್ಶಾಫ್' ಅರಬಿ ವ್ಯಾಕರಣ, ಅಲಂಕಾರದ ದೃಷ್ಟಿಯಿಂದ ಎಷ್ಟು ಒಳ್ಳೆಯದು ಎಂದರೆ, ಅವರ ನಂಬಿಕೆಯನ್ನು ಒಪ್ಪದ ಸುನ್ನಿ ಮದರಸಾಗಳೂ ಅದನ್ನು ಬಿಡಲಾಗದೆ ಟಿಪ್ಪಣಿ ಹಾಕಿಕೊಂಡು ಓದಿದವು. ನಮ್ಮ ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಝರು ಸೂಫಿ ಹಾದಿಯ ತಫ್ಸೀರ್ ಬರೆದವರು. ಅವರ ಕೃತಿಗಳ ಪಟ್ಟಿಯಲ್ಲಿ ಕಶ್ಶಾಫ್ ಮೇಲಿನ ಟಿಪ್ಪಣಿಯೂ ಇದೆ. ಉರುಸ್‌ಗೆ ಹೋಗಿ ಬರುವ ನಮಗೆ ಆ ದರ್ಗಾದಲ್ಲಿ ಮಲಗಿರುವವರು ಈ ಚರ್ಚೆಯ ಒಳಗಿನವರು ಎಂಬುದು ಅಷ್ಟಾಗಿ ನೆನಪಿರುವುದಿಲ್ಲ.

ಅಕ್ಕನ ಪ್ರಶ್ನೆ

ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುತ್ತಿದ್ದಾಗ ಅಕ್ಕ ಮೀನಿಗೆ ಮಸಾಲೆ ಹಚ್ಚುತ್ತಾ ಸುಮ್ನೆ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಇಷ್ಟೆಲ್ಲ ಅಭಿಪ್ರಾಯ ಬರೆದಿಟ್ಟರು ಅಂತೀಯಲ್ಲ, ಅದರಲ್ಲಿ ಹೆಂಗಸರದ್ದು ಎಷ್ಟು?"

ಆಯಿಷಾ ಅವರ ಮಾತುಗಳು ಎಲ್ಲ ತಫ್ಸೀರುಗಳಲ್ಲೂ ಇವೆ ಎಂದೆ. "ಅವರು ಪ್ರವಾದಿಯವರ ಪತ್ನಿ. ಅವರ ನಂತರ?" ಎಂದಳು. ಆ ಪ್ರಶ್ನೆಗೆ ಒಳ್ಳೆಯ ಉತ್ತರ ಇಲ್ಲ. ಹೆಂಗಸರ ಬದುಕನ್ನು ನೇರವಾಗಿ ಮುಟ್ಟುವ ಸೂಕ್ತಗಳ ಬಳಿ ಹತ್ತು ಅಭಿಪ್ರಾಯ ಇದ್ದರೆ, ಹೆಚ್ಚು ಕಡಿಮೆ ಹತ್ತೂ ಒಂದೇ ಕಡೆ ಕೂತವರದ್ದು. ಸಂಖ್ಯೆ ಜಾಸ್ತಿ ಇದೆ, ಆದರೆ ಗಂಡನ ಅಧಿಕಾರ ಎಷ್ಟು ಎಂಬುದು ಚರ್ಚೆಯಾಗುತ್ತದೆಯೇ ಹೊರತು ಹೆಂಡತಿಗೆ ಅದು ಹೇಗನ್ನಿಸುತ್ತದೆ ಎಂಬುದು ಪ್ರಶ್ನೆಯೇ ಆಗುವುದಿಲ್ಲ. ನಾನು ಪ್ರೀತಿಸುವ ಪರಂಪರೆಯಲ್ಲಿ ಇದು ಸಣ್ಣ ಕೊರತೆ ಎಂದು ನಾನು ಹೇಳಲಾರೆ.

20ನೇ ಶತಮಾನದ ವ್ಯಾಖ್ಯಾನಕಾರರು ನನಗೆ ಮುಖ್ಯವಾಗುವುದು ಇಲ್ಲೇ. ಈಜಿಪ್ಟಿನ ಆಯಿಷಾ ಅಬ್ದುರ್ರಹ್ಮಾನ್, 'ಬಿಂತುಶ್ಶಾತಿ' ಎಂಬ ಹೆಸರಲ್ಲಿ ಬರೆದವರು, 1962ರಲ್ಲಿ ತಮ್ಮ ತಫ್ಸೀರಿನ ಮೊದಲ ಸಂಪುಟ ತಂದರು. ಕುರ್‌ಆನಿನ ಒಂದು ಪದ ಕುರ್‌ಆನಿನಲ್ಲೇ ಬೇರೆಲ್ಲೆಲ್ಲಿ ಹೇಗೆ ಬಂದಿದೆ ಎಂದು ಹುಡುಕಿ ಅರ್ಥ ಹಿಡಿಯುವ ಕ್ರಮ ಅವರದ್ದು. ಅಮೆರಿಕದ ಆಮಿನಾ ವದೂದ್ 1992ರಲ್ಲಿ ಮಲೇಷ್ಯಾದಲ್ಲಿದ್ದಾಗ ತಮ್ಮ ಪುಸ್ತಕ ಪ್ರಕಟಿಸಿ, ಹೆಣ್ಣಿನ ಅನುಭವವನ್ನು ಹೊರಗಿಟ್ಟು ಮಾಡಿದ ವ್ಯಾಖ್ಯಾನ ಪೂರ್ತಿ ಹೇಗಾಗುತ್ತದೆ ಎಂದು ನೇರವಾಗಿ ಕೇಳಿದರು. ಪಾಕಿಸ್ತಾನ ಬಿಟ್ಟು ಷಿಕಾಗೊ ಸೇರಿದ ಫಝ್ಲುರ್ರಹ್ಮಾನ್ ಒಂದು ಕ್ರಮ ಹೇಳಿಕೊಟ್ಟರು. ಸೂಕ್ತ ಇಳಿದ ಸನ್ನಿವೇಶಕ್ಕೆ ಮೊದಲು ಹೋಗು. ಅಲ್ಲಿ ಅದು ಯಾವ ಅನ್ಯಾಯಕ್ಕೆ ಉತ್ತರವಾಗಿತ್ತು ಎಂದು ತಿಳಿ. ಅದರ ತತ್ವ ಹಿಡಿದುಕೊಂಡು ನಿನ್ನ ಕಾಲಕ್ಕೆ ವಾಪಸ್ ಬಾ. ಬಹುಪತ್ನಿತ್ವದ ಸೂಕ್ತವನ್ನು ಹೀಗೆ ಓದಿದರೆ ಎದುರಿಗೆ ಬರುವುದು ಅನಾಥರ ಆಸ್ತಿ ನುಂಗುತ್ತಿದ್ದ ಪೋಷಕರು.

ಒಂದೇ ಅರ್ಥದ ಕಾಲ

ಮುದ್ರಣ, ಅನುವಾದ ಬಂದ ಮೇಲೆ ಕುರ್‌ಆನ್ ಎಲ್ಲರ ಕೈಗೆ ಬಂತು. ಉಮ್ಮನಿಗೆ ಅರಬಿ ಓದಲು ಬರುತ್ತಿತ್ತು, ಅರ್ಥ ಸಿಕ್ಕಿದ್ದು ಕನ್ನಡ ಅನುವಾದದಲ್ಲಿ. ಅದಕ್ಕಾಗಿ ಅನುವಾದ ಮಾಡಿದವರಿಗೆ ನಾನು ಋಣಿ. ಆದರೆ ಅನುವಾದಕ್ಕೆ ಒಂದು ಅರ್ಥ ಆರಿಸಲೇಬೇಕು. ಉಳಿದವು ಪುಟದಿಂದ ಇಳಿದುಹೋಗುತ್ತವೆ. ಸುಧಾರಕರಿಗೂ ಸಂಪ್ರದಾಯದವರಿಗೂ ರಾಜಕೀಯ ಇಸ್ಲಾಮಿನವರಿಗೂ ಈ ಕಾಲದಲ್ಲಿ ಬೇಕಾದದ್ದು ಒಂದೇ ಸ್ಪಷ್ಟ ಸಂದೇಶ. ಅಬುಲ್ ಕಲಾಂ ಆಝಾದರ 'ತರ್ಜುಮಾನುಲ್ ಕುರ್‌ಆನ್' ಕೂಡ ಹಾಗೇ ಒಂದು ದೊಡ್ಡ ಸಂದೇಶದ ಕಡೆ ಸಾಗುತ್ತದೆ: ದೇವರ ಪಾಲನೆ, ಕರುಣೆ ಎಲ್ಲರಿಗೂ ಸಮಾನ. ಬ್ರಿಟಿಷರು ಅವರನ್ನು ರಾಂಚಿಯಲ್ಲಿ ನಿರ್ಬಂಧದಲ್ಲಿಟ್ಟಿದ್ದಾಗ ಪೊಲೀಸರು ಹಸ್ತಪ್ರತಿ ಹೊತ್ತೊಯ್ದರು. ಅವರು ಮತ್ತೆ ಬರೆದರು. ಕೊನೆಗೂ ಅದು ಪೂರ್ತಿಯಾಗಲಿಲ್ಲ. ಅವರ ಸಂದೇಶ ನನಗೆ ಪ್ರಿಯ. ಹಳೆಯ ಪುಟಗಳ ಗದ್ದಲ ಮಾತ್ರ ಅಲ್ಲಿ ಕೇಳಿಸುವುದಿಲ್ಲ.

ಗದ್ದಲಕ್ಕೆ ಜಾಗವಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ನಸ್ರ್ ಹಾಮಿದ್ ಅಬೂ ಝೈದ್ ಅವರ ಬದುಕು ಸಾಕ್ಷಿ. ಕೈರೋ ವಿಶ್ವವಿದ್ಯಾಲಯದ ಮೇಷ್ಟರು. ಮುಅ್‌ತಝಿಲಿಗಳು ಕುರ್‌ಆನಿನ ರೂಪಕಗಳನ್ನು ಹೇಗೆ ಓದಿದರು ಎಂಬುದು ಅವರ ಮೊದಲ ಸಂಶೋಧನೆ. ದೇವರ ಮಾತು ಮನುಷ್ಯರ ಭಾಷೆಯಲ್ಲಿ, ಒಂದು ಕಾಲದ ಒಂದು ಜನರ ನಡುವೆ ಬಂತು. ಹಾಗಾಗಿ ಆ ಭಾಷೆ, ಆ ಕಾಲವನ್ನು ಓದದೆ ಅದನ್ನು ಅರಿಯಲಾಗದು ಎಂಬುದು ಅವರ ವಾದ. ಬಡ್ತಿ ತಪ್ಪಿತು. ಕೆಲವರು ಕೋರ್ಟಿಗೆ ಹೋದರು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರನ್ನು ಧರ್ಮಭ್ರಷ್ಟ ಎಂದು ಸಾರಿ, ಮುಸ್ಲಿಂ ಹೆಂಗಸಿನ ಜೊತೆ ಅವರ ಮದುವೆ ಊರ್ಜಿತವಲ್ಲ ಎಂದು ತೀರ್ಪು ಕೊಟ್ಟಿತು. ಅವರೂ ಹೆಂಡತಿ ಇಬ್ತಿಹಾಲ್ ಯೂನಿಸ್ ಕೂಡ ವಿಚ್ಛೇದನ ಕೇಳಿರಲಿಲ್ಲ. ಇಬ್ಬರೂ ದೇಶ ಬಿಟ್ಟು ನೆದರ್ಲೆಂಡ್ಸ್‌ನ ಲೈಡನ್ ಸೇರಿದರು. 2010ರಲ್ಲಿ ಅವರು ಕೈರೋದಲ್ಲೇ ತೀರಿಕೊಂಡರು. ಅವರ ವಾದದ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ರಾಝಿ ಅಬೂ ಮುಸ್ಲಿಂರನ್ನೂ ಒಪ್ಪಿರಲಿಲ್ಲ. ಆದರೆ ಅವರ ಮದುವೆ ಮುರಿಯಲು ಹೋಗಲಿಲ್ಲ, ಅವರ ವಾದ ಬರೆದುಕೊಂಡರು.

ನಾಲ್ಕನೇ ಅಧ್ಯಾಯ, ಮೊದಲ ಸೂಕ್ತ

ಈಗ ಅಕ್ಕ ಮತ್ತು ನಾನು ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ನಿಸಾ ಅಧ್ಯಾಯ ಓದುತ್ತಿದ್ದೇವೆ. ಅವಳ ಮುಂದೆ ಎರಡು ಅನುವಾದ, ನನ್ನ ಮುಂದೆ ರಾಝಿ. ಇನ್ನೂ ಮೊದಲ ಸೂಕ್ತ ದಾಟಿಲ್ಲ. ನಿಮ್ಮನ್ನು ಒಂದೇ ಜೀವದಿಂದ ಸೃಷ್ಟಿಸಿ, ಅದರಿಂದ ಅದರ ಜೋಡಿಯನ್ನೂ ಸೃಷ್ಟಿಸಿದ ಒಡೆಯ. ಬಹುಪಾಲು ಹಳೆಯವರು ಇಲ್ಲಿ ಆದಮರ ಪಕ್ಕೆಲುಬಿನಿಂದ ಹವ್ವಾರನ್ನು ಸೃಷ್ಟಿಸಿದ ಕಥೆ ಹೇಳುತ್ತಾರೆ. ರಾಝಿ ಅದನ್ನು ಬರೆದ ನಂತರ ಎರಡನೇ ಅಭಿಪ್ರಾಯ ಎಂದು ಅಬೂ ಮುಸ್ಲಿಂರನ್ನು ಕರೆತರುತ್ತಾರೆ: ಅದರಿಂದ ಎಂದರೆ ಅದೇ ಜಾತಿಯಿಂದ, ಅದೇ ಬಗೆಯಿಂದ. ಪಕ್ಕೆಲುಬು ಬೇಕಿಲ್ಲ. ಕುರ್‌ಆನ್ ಬೇರೆ ಕಡೆ 'ನಿಮ್ಮಿಂದಲೇ ನಿಮಗೆ ಜೋಡಿ ಮಾಡಿದ' ಎನ್ನುತ್ತದೆ, ಅದರಂತೆಯೇ ಇದು ಎಂಬುದು ಅವರ ವಾದ. ಮೊದಲನೆಯದೇ ಬಲವಾದದ್ದು ಎಂಬ ಮಾತನ್ನೂ ರಾಝಿ ಜೊತೆಗೆ ಇಟ್ಟಿದ್ದಾರೆ.

ಓದಿ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ಇದನ್ನ ಹೇಳಿದವರ ಪುಸ್ತಕವೇ ಇಲ್ವಾ?"

"ಇಲ್ಲ."

"ಅವರೂ ಗಂಡಸೇ ಅಲ್ವಾ?"

"ಹೌದು."

"ಸರಿ, ಬರೆದುಕೋ. ವದೂದ್ ಈ ಸೂಕ್ತಕ್ಕೆ ಏನು ಹೇಳ್ತಾರೆ ಅಂತ ನಾಳೆ ನಾನು ಓದ್ತೀನಿ, ನೀನು ವಾದ ಮಾಡು."